ಕತ್ತರಿ ಸೋಕದ ಟಗರು

ಬುಧವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಳಕಿನಿಂದ ಒಳಕ್ಕೆ, ಶೇಂಗಾ ಕಿತ್ತು ಬರಿದಾದ ಹೊಲಗಳ ನಡುವಿನ ಹಟ್ಟಿಯೊಂದರಲ್ಲಿ ಕಾಟಮ್ಮ ಕುರಿದೊಡ್ಡಿಯ ಮುಳ್ಳು ಸರಿಸಿ ಒಳಗೆ ಹೋಗುತ್ತಾರೆ. ಒಂದು ಕೈಯಲ್ಲಿ ಬಿಸಿನೀರಿನ ಚೊಂಬು, ಹೆಗಲ ಮೇಲೆ ಒಗೆದ ಬಿಳಿ ಬಟ್ಟೆ. ಮೈದುನ ಗಾದ್ರಪ್ಪ ಒಂದು ಕುರಿಯನ್ನು ಮಂಡಿಯ ನಡುವೆ ಹಿಡಿದು ನಿಂತಿದ್ದಾರೆ. ಉಣ್ಣೆ ತೆಗೆದು ಕೆಲವೇ ದಿನವಾಗಿದೆ. ಕುರಿಯ ಮೈ ಬೋಳು, ಚಳಿಗೆ ಚರ್ಮ ಅದುರುತ್ತಿದೆ. ಅದರ ಬೆನ್ನಿನ ಮೇಲೆ ಹೊಸದಾಗಿ ಬಳಿದ ನೀಲಿಯ ಗುರುತು.

"ಆಗಮ್ಮಾ, ಆಗು," ಎನ್ನುತ್ತಾರೆ ಕಾಟಮ್ಮ, ತಾಳು ತಾಳು ಎನ್ನುವ ಹಾಗೆ. ಅವರ ತವರು ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಕಡೆ, ಆಂಧ್ರದ ಗಡಿಗೆ ಹತ್ತಿರ. ಮನುಷ್ಯರೊಂದಿಗೆ ಕನ್ನಡ, ಕುರಿಗಳೊಂದಿಗೆ ತೆಲುಗು.

ಕುರಿಯ ಕುತ್ತಿಗೆಯನ್ನು ತೊಳೆದು, ಸ್ಪಿರಿಟ್ ಹಚ್ಚಿ, ಹೆಬ್ಬೆರಳಿನಿಂದ ನರ ಒತ್ತಿ ನೋಡುತ್ತಾರೆ. ಸೂಜಿ ಹೋಗುತ್ತದೆ. ಸಣ್ಣ ಕೊಳವೆಯಲ್ಲಿ ಕಡುಗೆಂಪು ರಕ್ತ ಇಳಿದು ಗಾಜಿನ ಸೀಸೆಗೆ ಬೀಳತೊಡಗುತ್ತದೆ. ಸೀಸೆಯ ತಳದಲ್ಲಿ ಒಂದು ಹಿಡಿ ಗಾಜಿನ ಮಣಿಗಳಿವೆ. ರಕ್ತ ಬೀಳುತ್ತಿದ್ದಂತೆಯೇ ಕಾಟಮ್ಮನ ಎಡಗೈ ಸೀಸೆಯನ್ನು ಸುತ್ತಿಸಲು ಆರಂಭಿಸುತ್ತದೆ. ಸೂಜಿ ತೆಗೆದು, ಗಾಯ ಒತ್ತಿ, ಕುರಿಯನ್ನು ಬಿಟ್ಟ ಮೇಲೂ ಆ ಕೈ ನಿಲ್ಲುವುದಿಲ್ಲ. ನಿಂತರೆ ರಕ್ತ ಹೆಪ್ಪುಗಟ್ಟುತ್ತದೆ. ಜೋರಾಗಿ ಕುಲುಕಿದರೆ ರಕ್ತದ ಕಣಗಳು ಒಡೆದು ಸೀಸೆಯೆಲ್ಲ ವ್ಯರ್ಥ. ಮೊದಮೊದಲು ಮಣಿಗಳು ಗಾಜಿಗೆ ತಾಗಿ ಟಿಣಿಟಿಣಿ ಎನ್ನುತ್ತವೆ. ರಕ್ತದೊಳಗಿನ ಎಳೆಗಳು ಮಣಿಗಳನ್ನು ಸುತ್ತಿಕೊಂಡಂತೆಲ್ಲ ಸದ್ದು ಮಂಕಾಗುತ್ತ ಬರುತ್ತದೆ. ಪೂರ್ತಿ ಮಂಕಾದಾಗ ಕಾಟಮ್ಮ ಕೈ ನಿಲ್ಲಿಸುತ್ತಾರೆ. ಎಳೆಯೆಲ್ಲ ಮಣಿಗೆ ಅಂಟಿತು. ಉಳಿದ ರಕ್ತ ಇನ್ನು ಹೆಪ್ಪುಗಟ್ಟುವುದಿಲ್ಲ.

'ರಕ್ತ ತೆಗೆಯುವುದು' ಎಂಬ ಮಾತನ್ನು ಅವರು ಆಡುವುದಿಲ್ಲ. 'ಇಳಿಸುವುದು' ಎನ್ನುತ್ತಾರೆ. "ತೆಗೆಯಾದು ಅಂದ್ರೆ ಕಸಕಂಡಂಗೆ. ನಾನು ಕಸಕಣಲ್ಲ. ಅದು ಕೊಡತೈತೆ, ನಾನು ಇಳಿಸ್ಕಂತೀನಿ. ಆಮೇಲೆ ಅದಕ್ಕೆ ಹುರುಳಿ, ಬೆಲ್ಲ."

ಚಳ್ಳಕೆರೆಯ ಪ್ರಯೋಗಾಲಯದಿಂದ ಬೈಕಿನಲ್ಲಿ ಬಂದ ತಂತ್ರಜ್ಞ ಪ್ರದೀಪ್ ಸೀಸೆಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಬಿಗಿಯುತ್ತಾರೆ. "ಇವತ್ತಿಂದು ಬಹಳ ಮುಖ್ಯ ಕಾಟಮ್ಮಾರೆ. ಹಾಸ್ಟೆಲ್ ಹುಡುಗೀರ ಸ್ಯಾಂಪಲ್ ಬಂದಾವೆ."

ಕಾಟಮ್ಮ ತಲೆ ಆಡಿಸುತ್ತಾರೆ. ಅವರಿಗೆ ಗೊತ್ತು. ಮೊಳಕಾಲ್ಮುರು ಕಡೆಯ ಬಾಲಕಿಯರ ಹಾಸ್ಟೆಲೊಂದರಲ್ಲಿ ಗಂಟಲು ಬೇನೆ ಎದ್ದಿದೆ. ಹೆಚ್ಚಿನವರಿಗೆ ಎರಡು ದಿನದ ಜ್ವರ, ಅಷ್ಟೆ. ಆದರೆ ಒಬ್ಬ ಹುಡುಗಿಯ ಕಾಲಿನಲ್ಲಿದ್ದ ಸಣ್ಣ ಗಾಯ ಒಂದೇ ದಿನದಲ್ಲಿ ಊದಿ, ಕಪ್ಪಾಗಿ, ಅವಳನ್ನು ಬಳ್ಳಾರಿಯ ಆಸ್ಪತ್ರೆಗೆ ಒಯ್ದಿದ್ದಾರೆ. ಜ್ವರ ಬಂದವರಿಗೆಲ್ಲ ವೈದ್ಯರು ಔಷಧಿ ಕೊಟ್ಟಾಗಿದೆ. ಭಯವಿರುವುದು ಜ್ವರವಿಲ್ಲದೆ ಗಂಟಲಿನಲ್ಲಿ ರೋಗಾಣು ಇಟ್ಟುಕೊಂಡಿರುವವರ ಬಗ್ಗೆ. ಶನಿವಾರ ಅವರೆಲ್ಲ ರಜೆಗೆ ಊರಿಗೆ ಹೊರಡುತ್ತಾರೆ, ತಮ್ಮಂದಿರು, ತಂಗಿಯರು ಇರುವ ಮನೆಗಳಿಗೆ. ಅಷ್ಟರೊಳಗೆ ಅವರು ಯಾರೆಂದು ತಿಳಿಯಬೇಕು. ತಿಳಿಯುವ ದಾರಿ ಕಾಟಮ್ಮನ ಸೀಸೆಯ ಮೂಲಕ ಹೋಗುತ್ತದೆ.

ಗಂಟಲ ಬೇನೆಯ ಈ ರೋಗಾಣುವಿನ ಹೆಸರು ಸ್ಟ್ರೆಪ್ಟೊಕಾಕಸ್. ಅದರ ಗುರುತು ಸಿಗುವುದು ಅಗರ್ ಎಂಬ ಲೋಳೆಗೆ ರಕ್ತ ಬೆರೆಸಿ ಗಟ್ಟಿಯಾಗಲು ಬಿಟ್ಟ ಕೆಂಪು ಪ್ಲೇಟಿನ ಮೇಲೆ. ಅಲ್ಲಿ ಅದು ಬೆಳೆದರೆ ತನ್ನ ವಿಷದಿಂದ ಸುತ್ತಲಿನ ರಕ್ತಕಣಗಳನ್ನು ಒಡೆಯುತ್ತದೆ. ಕೆಂಪಿನ ನಡುವೆ, ಬೆಳಕು ಹಾಯುವಷ್ಟು ತಿಳಿಯಾದ ಒಂದು ಬಳೆ ಮೂಡುತ್ತದೆ. ಈ ಕೆಲಸಕ್ಕೆ ಕುರಿಯ ರಕ್ತವೇ ಒಳ್ಳೆಯದು. ಅದೂ ಔಷಧಿ ಸೋಕದ ಕುರಿಯದು.

ಪ್ರಯೋಗಾಲಯದ ವಿಜ್ಞಾನಿ ಶಶಿರೇಖಾ ಬೆನ್ನುಹತ್ತಿರುವ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಒಳಗಿನದು. ಒಂದೇ ರೋಗಾಣು ಹತ್ತು ಗಂಟಲಿನಲ್ಲಿ ಸುಮ್ಮನಿದ್ದು, ಹನ್ನೊಂದನೆಯವಳ ಕಾಲನ್ನು ಏಕೆ ತಿನ್ನುತ್ತದೆ? "ಅದರೊಳಗಿನ ಎಲ್ಲ ಜೀನ್‌ಗಳೂ ಯಾವಾಗಲೂ ಕೆಲಸ ಮಾಡುವುದಿಲ್ಲ," ಎನ್ನುತ್ತಾರೆ ಅವರು. "ತಾನು ಗಂಟಲಲ್ಲಿದ್ದೇನೋ, ಮಾಂಸದಲ್ಲಿದ್ದೇನೋ ಅಂತ ಅದಕ್ಕೆ ಸುಳಿವು ಸಿಗುತ್ತದೆ. ಅದಕ್ಕೆ ತಕ್ಕಂತೆ ಕೆಲವು ಜೀನ್ ಎದ್ದು ಕೂರುತ್ತವೆ, ಕೆಲವು ಮಲಗುತ್ತವೆ. ವಿಷ ತಯಾರಿಸುವ ಜೀನ್‌ಗಳನ್ನು ಅದುಮಿ ಹಿಡಿಯಲೆಂದೇ ಒಂದು ಜೋಡಿ ಜೀನ್ ಇದೆ. ಆ ಜೋಡಿ ಕೆಟ್ಟರೆ ಹಿಡಿತ ತಪ್ಪುತ್ತದೆ."

ಕಾಟಮ್ಮ ಇದನ್ನು ತಮ್ಮದೇ ರೀತಿಯಲ್ಲಿ ಇಟ್ಟುಕೊಂಡಿದ್ದಾರೆ. "ಟಗರು ಗೂಟದಾಗಿದ್ರೆ ಸುಮ್ನಿರತೈತೆ. ಹಗ್ಗ ಹರಕಂಡ್ರೆ ಎದ್ರಿಗೆ ಬಂದೋರ್ಗೆಲ್ಲ ಹಾಯತೈತೆ. ಹಗ್ಗ ಯಾಕೆ ಹರೀತು ಅಂತ ಮೇಡಮ್ಮಾರು ನೋಡ್ತಾರೆ. ಅವ್ರಿಗೆ ನೋಡಾಕೆ ಟಗರು ಕಣ್ಣಿಗೆ ಬೀಳಬೇಕಲ್ಲ, ಅದಕ್ಕೆ ನಾನು."

ಹೀಗೆ ನಗುತ್ತ ಹೇಳುವುದಕ್ಕೆ ಅವರಿಗೆ ಏಳು ವರ್ಷ ಬೇಕಾಯಿತು. ಮಗಳು ಕಾಂಚನಾ ಏಳನೇ ತರಗತಿಯಲ್ಲಿದ್ದಾಗ ಅವಳಿಗೂ ಗಂಟಲು ನೋವು ಬಂದಿತ್ತು. ಅರಿಶಿನ ಹಾಲು ಕುಡಿಸಿದರು, ಕಡಿಮೆಯಾಯಿತು. ವಾರಗಳು ಕಳೆದ ಮೇಲೆ ಮಂಡಿ ಊದಿತು, ಆಮೇಲೆ ಮೊಣಕೈ, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಕವಾಟ ಹಾಳಾಗಿದೆ ಎಂದು ದಾವಣಗೆರೆಯಲ್ಲಿ ಹೇಳಿದರು. ಗಂಟಲಿನ ರೋಗಾಣುವಿನ ಮೇಲೆ ಕಾದಾಡಲು ಎದ್ದ ದೇಹದ ಶಕ್ತಿಯೇ ದಾರಿ ತಪ್ಪಿ ಅವಳ ಹೃದಯದ ಮೇಲೆ ಬಿದ್ದಿತ್ತು. ಅಂದಿನಿಂದ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಇನ್ನೊಂದು ಗಂಟಲು ಬೇನೆ ಅವಳಿಗೆ ಬರಬಾರದು.

ಆ ದಿನಗಳಲ್ಲಿ ಕಾಟಮ್ಮನ ಅತ್ತೆ ಮಂಜಮ್ಮ ಆಗಷ್ಟೇ ಹುಟ್ಟಿದ ಗಂಡುಮರಿಯೊಂದನ್ನು ಹಟ್ಟಿ ದೇವರಿಗೆ ಬಿಟ್ಟರು, ಮೊಮ್ಮಗಳ ಉಸಿರು ನಿಲ್ಲದಿರಲಿ ಎಂದು. ದೇವರಿಗೆ ಬಿಟ್ಟ ಟಗರನ್ನು ಕಡಿಯುವಂತಿಲ್ಲ, ಮಾರುವಂತಿಲ್ಲ. ಅದರ ಮೈಗೆ ಕಬ್ಬಿಣ ಸೋಕುವಂತಿಲ್ಲ: ಕತ್ತರಿ ಇಲ್ಲ, ಸೂಜಿ ಇಲ್ಲ. ಈಗ ಅದು ಏಳು ವರ್ಷದ ಟಗರು. ಉಣ್ಣೆ ನೆಲ ಗುಡಿಸುತ್ತದೆ, ಕೊರಳಿನಲ್ಲಿ ಹಿತ್ತಾಳೆ ಗಂಟೆ. ಎಲ್ಲಿ ಬೇಕಾದರೂ ನುಗ್ಗುತ್ತದೆ, ಯಾರೂ ಕೋಲೆತ್ತುವುದಿಲ್ಲ.

ಅದೇ ದಾವಣಗೆರೆಯ ಆಸ್ಪತ್ರೆಯಲ್ಲಿ ಕಾಟಮ್ಮನಿಗೆ ಶಶಿರೇಖಾ ಸಿಕ್ಕಿದ್ದು. ಚಳ್ಳಕೆರೆಯ ಸುತ್ತ ಔಷಧಿ ಸೋಕದ ಕುರಿ ಯಾರಾದರೂ ಸಾಕಿಕೊಡುವರೇ ಎಂದು ಅವರು ಕೇಳುತ್ತಿದ್ದರು. ಬದುಕಿರುವ ಕುರಿಯ ರಕ್ತ ಮಾರುವುದೇ ಎಂದು ಒಬ್ಬರೂ ಒಪ್ಪಿರಲಿಲ್ಲ. ಕಾಟಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಮಗಳಿಗೆ ಬಂದಿದ್ದೇ ಹುಳನಾ ಇದು?" ಅದೇ ಎಂದಾಗ ಒಪ್ಪಿಕೊಂಡರು. ಪಶುವೈದ್ಯರು ಬಂದು ಕೈ ಹಿಡಿದು ಕಲಿಸಿದರು. ಈಗ ಎಂಟು ಕುರಿಗಳಿವೆ, ವಾರಕ್ಕೆರಡು ಸೀಸೆ. ಒಮ್ಮೆ ಇಳಿಸಿದ ಕುರಿಗೆ ತಿಂಗಳು ಬಿಡುವು. ಗಂಡ ಕ್ಯಾತಪ್ಪ ದೊಡ್ಡ ಮಂದೆ ಹೊಡೆದುಕೊಂಡು ಬಳ್ಳಾರಿ ಕಡೆಯ ಗದ್ದೆಗಳಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಎಂಟು ಕುರಿಯ ಮೇವು, ನೀರು, ಕಾವಲು ಕಾಟಮ್ಮನದೇ. ಯಾವ ಕುರಿಗಾದರೂ ಕಾಯಿಲೆ ಬಂದರೆ ಔಷಧಿ ಕೊಡಿಸುತ್ತಾರೆ. ಆ ಕುರಿಯನ್ನು ಬಹಳ ದಿನ ಸೀಸೆಯ ಹತ್ತಿರ ತರುವುದಿಲ್ಲ.

ಹಟ್ಟಿ ಇದನ್ನು ಸುಲಭವಾಗಿ ಒಪ್ಪಿಲ್ಲ. ನಲ್ಲಿಯ ಹತ್ತಿರ ಪಕ್ಕದ ಮನೆಯ ಪಾಪಕ್ಕ ಇಂದಿಗೂ ಕೇಳುವಂತೆಯೇ ಹೇಳುತ್ತಾರೆ: "ಮಗಳ ಎದೆ ತಿಂದ ಹುಳಕ್ಕೇ ಊಟಕ್ಕಿಕ್ತಾಳೆ ನೋಡೇ, ಎಂಥ ಹೆಣ್ಣು!" ಕಾಟಮ್ಮ ಕೊಡ ತುಂಬಿಸಿಕೊಂಡು ಬರುತ್ತಾರೆ.

ಗುರುವಾರ ಹೊತ್ತು ಏರುವಾಗ ಫೋನು ಬರುತ್ತದೆ. ಶಶಿರೇಖಾ ಅವರ ದನಿ ಎಂದಿನಂತಿಲ್ಲ. ಹಿಂದಿನ ದಿನ ಕಾಟಮ್ಮನ ರಕ್ತದಿಂದ ಮಾಡಿದ ಪ್ಲೇಟುಗಳ ಮೇಲೆ ಏನೂ ಬೆಳೆದಿಲ್ಲ. ಹಾಸ್ಟೆಲಿನ ಸ್ಯಾಂಪಲ್ ಹಾಗಿರಲಿ, ಪರೀಕ್ಷೆಗೆಂದು ಪ್ರಯೋಗಾಲಯವೇ ಸಾಕಿಟ್ಟುಕೊಂಡ ರೋಗಾಣುವೂ ಬೆಳೆದಿಲ್ಲ. ಎಲ್ಲ ಪ್ಲೇಟುಗಳೂ ತೊಳೆದಿಟ್ಟಂತೆ ಬರಿದಾಗಿವೆ.

"ಕುರಿಗಳಿಗೆ ಏನಾದ್ರೂ ಔಷಧಿ ಹಾಕಿದ್ರಾ ಕಾಟಮ್ಮಾರೆ?"

"ಇಲ್ಲ ಮೇಡಂ, ಎಲ್ಲಾದ್ರೂ ಉಂಟಾ..." ಎಂದವರು ಅಲ್ಲಿಗೇ ನಿಲ್ಲುತ್ತಾರೆ. ದೊಡ್ಡಿಯ ಕಡೆ ನೋಡುತ್ತಾರೆ. ಬೋಳು ಮೈಯ ಕುರಿಗಳು. "ಒಂದ್ ಗಳಿಗೆ ಇರ್ರಿ."

ಗಾದ್ರಪ್ಪ ಹುಣಸೆಮರದ ಕೆಳಗೆ ಕದಿರು ತಿರುವುತ್ತ ಉಣ್ಣೆ ನೂಲುತ್ತಿದ್ದಾರೆ.

"ಗಾದ್ರಪ್ಪಾ, ಉಣ್ಣೆ ತೆಗೆದ ದಿನ ಕುರಿಗೆ ಸೂಜಿ ಹಾಕ್ಸಿದ್ಯೇನಪ್ಪಾ?"

"ಹಾಕ್ಸದೆ ಇರ್ತೀನಾ ಅತ್ತಿಗೆ? ಕತ್ತರಿ ಗಾಯ ಕೀವಾಗಬಾರದು ಅಂತ ಇಡೀ ಹಟ್ಟಿಗೇ ಹಾಕ್ಸಿದೀವಿ." ಅವರ ಮಾತಿನಲ್ಲಿ ಹೆಮ್ಮೆ ಇದೆ. "ನೀವು ಮಗಳನ್ನ ಕರಕಂಡು ದಾವಣಗೆರೆಗೆ ಹೋಗಿದ್ರಲ್ಲ, ಒಂದೂ ಬಿಟ್ಟೋಗಬಾರದು ಅಂತ ನಾನೇ ಮುಂದೆ ನಿಂತು ನೋಡ್ಕಂಡೆ."

"ನನ್ನ ನೀಲಿ ಕುರೀಗೂ?"

"ನೀಲಿ ಎಲ್ಲಿತ್ತು ಅತ್ತಿಗೆ? ನೀಲಿ ಉಣ್ಣೆ ಜೊತೆ ಹೋತಲ್ಲ. ಉಣ್ಣೆ ಇಳಿದ ಮ್ಯಾಲೆ ಯಾವುದು ಎಂಟು, ಯಾವುದು ಎಂಬತ್ತು? ಎಲ್ಲಾ ಬೋಳೇ." ಹೇಳಿ ನಗಲು ಹೊರಟ ಗಾದ್ರಪ್ಪ ಅತ್ತಿಗೆಯ ಮುಖ ನೋಡುತ್ತಾರೆ. ಕದಿರು ನಿಲ್ಲುತ್ತದೆ.

ನೀಲಿ ಬಳಿದ ಕುರಿಗೆ ಸೂಜಿ ಇಲ್ಲ ಎಂಬುದು ಹಟ್ಟಿಯ ಮಕ್ಕಳಿಗೂ ಗೊತ್ತಿರುವ ಮಾತು. ದಾವಣಗೆರೆಯಿಂದ ಬಂದ ದಿನ ಕಾಟಮ್ಮ ತಮ್ಮ ಎಂಟನ್ನು ಮುಖ ನೋಡಿಯೇ ಆರಿಸಿ ಮತ್ತೆ ನೀಲಿ ಬಳಿದರು. ಸೂಜಿಯ ಮಾತು ಕೇಳಲಿಲ್ಲ. "ಅವ್ನಿಗೆ ಗೊತ್ತೈತಲ್ಲ ಅಂದ್ಕಂಡೆ," ಎನ್ನುತ್ತಾರೆ. ಗಾದ್ರಪ್ಪ ಗುರುತನ್ನು ನಂಬಿದರು, ಕಾಟಮ್ಮ ಗಾದ್ರಪ್ಪನನ್ನು ನಂಬಿದರು. ನಡುವೆ ಗುರುತು ಕತ್ತರಿಯ ಬಾಯಿಗೆ ಹೋಗಿತ್ತು. ಕುರಿಯ ಒಳ್ಳೆಯದಕ್ಕೆ ಹಾಕಿದ ಔಷಧಿ ಅದರ ರಕ್ತದಲ್ಲಿ ಇನ್ನೂ ಇದೆ, ಪ್ಲೇಟಿನ ಮೇಲೂ ತನ್ನ ಕೆಲಸ ಮಾಡಿದೆ.

ಬೆಂಗಳೂರಿನಿಂದ ರಕ್ತ ತರಿಸಿದರೆ ಬರುವುದು ಶನಿವಾರ. ಹಾಸ್ಟೆಲಿನ ಸ್ಯಾಂಪಲ್ ಅಷ್ಟು ಹೊತ್ತು ಉಳಿಯುವುದಿಲ್ಲ, ಹುಡುಗಿಯರೂ ಉಳಿಯುವುದಿಲ್ಲ. ಪರಶುರಾಂಪುರ ಕಡೆಯ ಬೇರೆ ಹಟ್ಟಿಯ ಕುರಿ ಸಿಗಬಹುದು ಎಂದು ಮತ್ತೆ ಬೈಕಿನಲ್ಲಿ ಬಂದ ಪ್ರದೀಪ್ ಹೇಳುತ್ತಾರೆ. ಕಾಟಮ್ಮ ಬೇಡ ಎನ್ನುತ್ತಾರೆ. "ಯಾರು ಯಾವಾಗ ಏನು ಹಾಕವ್ರೋ ಹೆಂಗೆ ಗೊತ್ತಾಗ್ಬೇಕು? ಇನ್ನೊಂದು ಸಲ ಹಿಂಗಾದ್ರೆ?"

ಔಷಧಿ ಸೋಕಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟು ಹೇಳಬಹುದಾದ ಒಂದೇ ಪ್ರಾಣಿ ಹಟ್ಟಿಯಲ್ಲಿದೆ. ಅದು ಜಗಲಿಯ ಮುಂದೆ ಮಲಗಿ ಮೆಲುಕು ಹಾಕುತ್ತಿದೆ. ಅದರ ಗಂಟೆ ಆಗಾಗ ಸದ್ದು ಮಾಡುತ್ತದೆ.

ಕಾಟಮ್ಮ ಬಹಳ ಹೊತ್ತು ಆ ಮಾತು ಬಾಯಿಗೆ ತರುವುದಿಲ್ಲ. ಪಾತ್ರೆ ತೊಳೆಯುತ್ತಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ. ಸೂಜಿ ಹಾಕಿದರೆ ಟಗರಿಗೇನೂ ಆಗುವುದಿಲ್ಲ, ಅದು ಅವರಿಗೆ ಗೊತ್ತು. ಆದರೆ ಆ ಟಗರಿನ ಮೈ ಬರೀ ಟಗರಿನ ಮೈಯಲ್ಲ. ಏಳು ವರ್ಷದಿಂದ ಮಗಳ ಉಸಿರನ್ನು ಅದರ ಕೊರಳಿಗೆ ಕಟ್ಟಿ ಬಿಟ್ಟಿದ್ದಾರೆ. ಸೂಜಿ ಚುಚ್ಚಿದ ಮರುದಿನ ಕಾಂಚನಾ ಒಂದು ಸಲ ಕೆಮ್ಮಿದರೂ ಅದರ ಲೆಕ್ಕ ಯಾರ ತಲೆಗೆ?

ಕೊನೆಗೆ ಹೇಳಿದಾಗ ಮಂಜಮ್ಮ ಕೂಗಾಡುವುದಿಲ್ಲ. ಅದೇ ಹೆದರಿಕೆ ಹುಟ್ಟಿಸುತ್ತದೆ. "ನಿನ್ನ ಮಗಳು ಕಣಮ್ಮಾ. ನಾನು ಹರಕೆ ಹೊತ್ತುಕೊಂಡಿದ್ದು ನಿನ್ನ ಮಗಳಿಗೆ. ಯಾರದೋ ಮಕ್ಕಳಿಗೆ ಅಂತ ನಿನ್ನ ಮಗಳದನ್ನ ಚುಚ್ಚುತೀಯಾ?"

"ಅವೂ ಯಾರದೋ ಹೆಣ್ಮಕ್ಳೇ ಅಲ್ವೇನತ್ತೆ?" ಎನ್ನುತ್ತಾರೆ ಕಾಟಮ್ಮ. ಅತ್ತೆಯೂ ಸೊಸೆಯೂ ಟಗರಿನ ಎರಡು ಬದಿಗೆ ಕುಳಿತಿದ್ದಾರೆ.

ಚಳ್ಳಕೆರೆಯ ಕಾಲೇಜಿನಿಂದ ಮಧ್ಯಾಹ್ನದ ಬಸ್ಸಿಗೆ ಬಂದ ಕಾಂಚನಾ ಇವರಿಬ್ಬರನ್ನೂ ನೋಡಿ, ಗಾದ್ರಪ್ಪನ ಬಾಯಿಂದ ವಿಷಯ ತಿಳಿದು, ಚೀಲ ಇಳಿಸುತ್ತಾಳೆ.

"ಅಜ್ಜೀ, ನನ್ನ ಹೆಸರಲ್ಲಿ ಬಿಟ್ಟಿದ್ದು ತಾನೆ? ಹಂಗಾದ್ರೆ ನನ್ನನ್ನ ಕೇಳ್ರಿ. ಮೂರು ವಾರಕ್ಕೊಂದು ಸಲ ನಾನು ಚುಚ್ಚಿಸ್ಕಂಡು ಬರ್ತೀನಿ. ಏಳು ವರ್ಷ ನಾನೊಬ್ಳೇ ಚುಚ್ಚಿಸ್ಕಂಡಿದೀನಿ, ಇದು ಶೇಂಗಾ ತಿಂದ್ಕಂಡು ಆರಾಮಾಗೈತೆ. ಇವತ್ತೊಂದು ದಿನ ಅದರ ಸರದಿ."

"ನಗಾಡಬ್ಯಾಡ ಕಣೇ, ದೇವರ ವಿಷಯ."

"ನಗಾಡ್ತಿಲ್ಲ ಅಜ್ಜಿ." ಅವಳ ದನಿ ತಗ್ಗುತ್ತದೆ. "ನನಗೆ ಗಂಟ್ಲು ನೋವು ಬಂದಾಗ ಯಾರಾದ್ರೂ ಹಿಂಗೆ ನೋಡಿದ್ರೆ ಇದನ್ನ ಬಿಡಾ ಕೆಲಸನೇ ಇರ್ತಿರಲಿಲ್ಲ. ನಾನೇ ಹಿಡ್ಕಂತೀನಿ ಇದನ್ನ. ಏನಾಗೋದಿದ್ರೂ ನಾನು ಹಿಡ್ಕಂಡಿರ್ತೀನಲ್ಲ."

ಮಂಜಮ್ಮ ಒಪ್ಪಿದೆ ಎನ್ನುವುದಿಲ್ಲ. ಒಪ್ಪಿಲ್ಲ ಎಂದೂ ಎನ್ನುವುದಿಲ್ಲ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಟಗರಿನ ಕಾಲಿಗೆ ಹಾಕುತ್ತಾರೆ. ಆಮೇಲೆ ಅದರ ಕೊರಳ ಗಂಟೆಯನ್ನು ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ.

"ಸದ್ದು ಕೇಳಾದು ಬ್ಯಾಡ ಅವ್ನಿಗೆ, ದೇವ್ರಿಗೆ," ಎಂದು ಹೇಳಿ ಮನೆಯ ಹಿಂದಕ್ಕೆ ಹೋಗುತ್ತಾರೆ.

ಬಿಸಿಲು ಇಳಿದಿದೆ. ಕಾಂಚನಾ ಟಗರಿನ ತಲೆಯನ್ನು ಮಡಿಲಿನಲ್ಲಿಟ್ಟುಕೊಂಡು ಕೊಂಬು ಹಿಡಿದಿದ್ದಾಳೆ. ಕತ್ತರಿ ಕಾಣದ ಉಣ್ಣೆ ಕುತ್ತಿಗೆಯ ಮೇಲೆ ಗಂಟುಗಂಟಾಗಿ ಇಳಿಬಿದ್ದಿದೆ. ಅದನ್ನು ಬೆರಳಿನಿಂದಲೇ ಬಿಡಿಸಿ, ಎರಡು ಬದಿಗೆ ಸರಿಸಿ, ಚರ್ಮ ಕಾಣುವವರೆಗೆ ತೊಳೆಯಲು ಕಾಟಮ್ಮನಿಗೆ ಬಹಳ ಹೊತ್ತು ಹಿಡಿಯುತ್ತದೆ. ಸೂಜಿ ಹಿಡಿದ ಕೈ ಒಮ್ಮೆ ನಿಲ್ಲುತ್ತದೆ. ಅವರು ಟಗರನ್ನಲ್ಲ, ಮಗಳ ಮುಖ ನೋಡುತ್ತಾರೆ.

"ಹಾಕವ್ವ," ಎನ್ನುತ್ತಾಳೆ ಕಾಂಚನಾ.

"ಆಗಪ್ಪಾ, ಆಗು..."

ರಕ್ತ ಇಳಿಯುತ್ತದೆ. ಮಣಿಗಳ ಟಿಣಿಟಿಣಿ ಅಂಗಳದಲ್ಲಿ ಕೇಳುತ್ತದೆ. ಇವತ್ತು ಅದರ ಜೊತೆಗೆ ಯಾವ ಗಂಟೆಯೂ ಇಲ್ಲ. ದೂರದಲ್ಲಿ ನಿಂತ ಗಾದ್ರಪ್ಪ ತಲೆಯ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಮಣಿಗಳ ಸದ್ದು ಮಂಕಾಗುತ್ತದೆ. ಸೀಸೆ ಪೆಟ್ಟಿಗೆ ಸೇರುತ್ತದೆ, ಪ್ರದೀಪನ ಬೈಕು ಚಳ್ಳಕೆರೆ ರಸ್ತೆಗೆ ತಿರುಗುತ್ತದೆ.

ಶುಕ್ರವಾರ ಬೆಳಿಗ್ಗೆ ಕಾಂಚನಾ ಕಣ್ಣು ಬಿಟ್ಟಾಗ ಅಜ್ಜಿಯ ಅಂಗೈ ಅವಳ ಎದೆಯ ಮೇಲಿದೆ. "ಇನ್ನೂ ಹೊಡ್ಕಂತೈತೆ ಬಿಡಜ್ಜಿ," ಎಂದು ಅವಳು ಮಗ್ಗುಲು ಬದಲಿಸುತ್ತಾಳೆ. ಮಂಜಮ್ಮ ಕೈ ತೆಗೆಯುವುದಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಫೋನು. ಕಾಟಮ್ಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕುತ್ತಾರೆ. ಈ ಸಲ ರೋಗಾಣು ಬೆಳೆದಿದೆ. ಪ್ರಯೋಗಾಲಯ ಸಾಕಿಟ್ಟುಕೊಂಡದ್ದೂ ಬೆಳೆದಿದೆ, ಬಳೆಗಳು ಸ್ಪಷ್ಟವಾಗಿವೆ. ಜ್ವರ, ನೋವು ಏನೂ ಇಲ್ಲದ ಆರು ಹುಡುಗಿಯರ ಗಂಟಲಿನಲ್ಲಿ ಅದು ಇತ್ತು. ಹಾಸ್ಟೆಲಿಗೆ ಸುದ್ದಿ ಹೋಗಿದೆ, ಔಷಧಿ ಇವತ್ತೇ ಆರಂಭ. ವೈದ್ಯರು ಹೇಳುವವರೆಗೆ ಆ ಆರು ಜನ ಊರಿಗೆ ಹೊರಡುವುದಿಲ್ಲ. ಬಳ್ಳಾರಿಯಲ್ಲಿರುವ ಹುಡುಗಿಯ ಕಾಲಿನಿಂದ ತೆಗೆದ ರೋಗಾಣು ಅದೇ ರಕ್ತದ ಪ್ಲೇಟಿನ ಮೇಲೆ ನೀರಹನಿಯಂತೆ ಉಬ್ಬಿ, ಹೊಳೆಯುತ್ತ ಬೆಳೆದಿದೆ. ಅವಳ ಪಕ್ಕದ ಹಾಸಿಗೆಯವಳ ಗಂಟಲಿನದು ಚಿಕ್ಕದಾಗಿ, ಸಾಧುವಾಗಿ. ಎರಡೂ ಒಂದೇ ತಳಿಯವೋ, ಒಂದರ ಹಿಡಿತ ಮಾತ್ರ ತಪ್ಪಿದೆಯೋ ಎಂದು ಹೇಳಲು ಇನ್ನೂ ತಿಂಗಳುಗಳ ಕೆಲಸವಿದೆ ಎನ್ನುತ್ತಾರೆ ಶಶಿರೇಖಾ.

"ಆ ಹುಡುಗಿ?" ಎಂದು ಕೇಳುತ್ತಾರೆ ಕಾಟಮ್ಮ.

"ಕಾಲು ಉಳಿಯಬಹುದು ಅಂತಿದಾರೆ. ಜ್ವರ ಇಳೀತಿದೆ. ಇನ್ನೂ ಗಟ್ಟಿಯಾಗಿ ಏನೂ ಹೇಳೋಕಾಗಲ್ಲ."

ಗಾದ್ರಪ್ಪ ಎದ್ದು ದೊಡ್ಡಿಗೆ ಹೋಗುತ್ತಾರೆ. ಎಂಟು ಕುರಿಗಳ ಕೊರಳಿಗೆ ನೀಲಿ ದಾರ ಹೊಸೆದು ಕಟ್ಟುವ ಕೆಲಸ ನಿನ್ನೆಯಿಂದಲೇ ನಡೆದಿದೆ. ಉಣ್ಣೆಯ ಜೊತೆ ಹೋಗದ ಗುರುತು. ಯಾರೂ ಹೇಳದೆ ಅವರೇ ಹಿಡಿದ ಕೆಲಸ.

ಪಾಪಕ್ಕನ ಮಾತು ನೋಯಿಸುವುದಿಲ್ಲವೇ ಎಂದರೆ ಕಾಟಮ್ಮ ಬಿಳಿ ಬಟ್ಟೆಯನ್ನು ಹಿಂಡುತ್ತಾರೆ. "ಅವ್ಳು ಹೇಳಾದು ಸುಳ್ಳೇನಲ್ಲ. ಊಟಕ್ಕಿಕ್ತೀನಿ, ಹೌದು. ನನ್ನ ಮಗಳ ಗಂಟ್ಲಾಗೆ ಅದು ಕದ್ದು ಕುಂತಿತ್ತು, ನಮಗೆ ಕಾಣಲಿಲ್ಲ. ಇಲ್ಲಿ ಉಂಡು ಎದುರಿಗೆ ಬರತೈತೆ. ಕಂಡ್ರೆ ತಾನೆ ಕಟ್ಟಿಹಾಕಾದು?" ಬಟ್ಟೆ ಕೊಡವಿ ಹಗ್ಗದ ಮೇಲೆ ಹರಡುತ್ತಾರೆ. "ಬಳೆ ಬಳೆ ಅಂತಾರಲ್ಲ ಮೇಡಮ್ಮಾರು, ಒಂದು ಸಲ ನೋಡಬೇಕು ಅಂತ ಐತೆ. ಮುಂದಿನ ಸೂಜಿಗೆ ಕಾಂಚನಾನ ಕರಕಂಡು ಹೋದಾಗ ಚಳ್ಳಕೆರ್ಯಾಗೆ ಇಳಿದು ನೋಡ್ಕಂಡು ಬರ್ತೀನಿ."

ಮಂಜಮ್ಮ ಜಗಲಿಯಿಂದ ಇಳಿದು ಬರುತ್ತಾರೆ. ಸೆರಗಿನ ಗಂಟು ಬಿಚ್ಚುತ್ತಾರೆ.

"ಆ ಆರು ಹುಡುಗೀರು ಆರಾಮಾಗಿ ಉಣ್ತಾವಂತಾ?"

"ಉಣ್ತಾವಂತೆ ಅತ್ತೆ."

ಮುದುಕಿ ಬಗ್ಗಿ, ಟಗರಿನ ಕೊರಳ ಉಣ್ಣೆಯೊಳಗೆ ಕೈ ಹಾಕಿ, ಸೂಜಿ ಹೋದ ಜಾಗವನ್ನು ಬೆರಳಿನಿಂದ ಹುಡುಕಿ ಸವರುತ್ತಾರೆ. ನಿಧಾನವಾಗಿ ಗಂಟೆ ಕಟ್ಟುತ್ತಾರೆ. ಟಗರು ತಲೆ ಕೊಡವುತ್ತದೆ. ಸದ್ದು ಹಟ್ಟಿಯ ಆಚೆ, ಬಯಲಿನವರೆಗೆ ಹೋಗುತ್ತದೆ.

"ಈಗ ಕೇಳಲಿ ಅವ್ನಿಗೆ," ಎನ್ನುತ್ತಾರೆ ಮಂಜಮ್ಮ.